ರಾಜ್ಯೋತ್ಸವದ ದೀಪ, ಹತ್ತು ಗಂಟೆಯ ಸ್ವಿಚ್

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಫೋಟೋ ಹಾಕಿದರು. ದೀಪಾವಳಿಗೆ ಕಿತ್ತಳೆ ಬಣ್ಣದಲ್ಲಿ ಬೆಳಗಿದ್ದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ. ಕೆಳಗೆ ಒಂದೇ ಸಾಲು: 'ನವೆಂಬರ್ 1ಕ್ಕೆ ಶಿಕಾಗೋದಲ್ಲಿ ನಾವೂ ಒಂದು ಬಿಲ್ಡಿಂಗಿಗೆ ಹಳದಿ-ಕೆಂಪು ಹಾಕಿಸಬಾರದಾ?' ಅರ್ಧ ಗಂಟೆಯೊಳಗೆ ಹೆಬ್ಬೆಟ್ಟುಗಳ ಮಳೆ. ಪಿಕ್ನಿಕ್‌ಗೆ ದೊಡ್ಡ ಪಾತ್ರೆ ಯಾರು ತರ್ತೀರಿ ಅಂತ ಕೇಳಿದರೆ ಎರಡು ದಿನ ಉಸಿರೇ ಎತ್ತದ ಗುಂಪು ಇದು!

ನಾನೂ ಓದುಬರಹ ಬಾರದವನ ಹಾಗೆ ಹೆಬ್ಬೆಟ್ಟು ಒತ್ತಿದೆ. ಆಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಸಂಪಾದಕನಿಗೆ ಇರುವುದು ಈ ಒಂದು ಪುಟದ ಅಧಿಕಾರ ಮಾತ್ರ, ಅದನ್ನು ಈ ಸಲ ದೀಪಕ್ಕೆ ಖರ್ಚು ಮಾಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಟ್ಟಡದ ದೀಪಗಳು ಇಷ್ಟ. ಮೈಸೂರಿನವನು ನಾನು, ಇಷ್ಟವಾಗದೆ ಇರುತ್ತಾ? ಭಾನುವಾರ ಸಂಜೆ ಅಪ್ಪ ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಅರಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಏಳು ಗಂಟೆಗೆ ಇನ್ನೂ ಎರಡು ನಿಮಿಷ ಇರುವಾಗ ಇಡೀ ಮೈದಾನ ಸುಮ್ಮನಾಗುತ್ತಿತ್ತು. ಕಡಲೆಕಾಯಿ ಮಾರುವವನೂ ಸುಮ್ಮನಾಗುತ್ತಿದ್ದ. ಆಮೇಲೆ ಒಂದೇ ಏಟಿಗೆ, ಸುಮಾರು ಒಂದು ಲಕ್ಷ ಬಲ್ಬು. 'ಹೋ' ಅಂತ ಜನ. ಪ್ರತಿ ವಾರ ನೋಡುವವರೂ 'ಹೋ' ಅನ್ನುತ್ತಿದ್ದರು, ಅದೇ ಮಜಾ.

ಆದರೆ ನನಗೆ ಅದಕ್ಕಿಂತ ಜಾಸ್ತಿ ನೆನಪಿರುವುದು ದೀಪ ಆರುವ ಹೊತ್ತು. ಹೆಚ್ಚೆಂದರೆ ಒಂದು ಗಂಟೆ ಅಷ್ಟೇ, ಆಮೇಲೆ ಟಕ್ ಅಂತ ಎಲ್ಲ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಅರಮನೆಯ ಗೆರೆಗಳು ಹಸಿರಾಗಿ ಕಾಣುತ್ತಿದ್ದವು. ಕಣ್ಣು ಬಿಟ್ಟರೆ ಕತ್ತಲಲ್ಲಿ ಒಂದು ದೊಡ್ಡ ಕಪ್ಪು ಗುಡ್ಡ. ಅಪ್ಪ 'ನಡಿ, ಚುರುಮುರಿ' ಅನ್ನುತ್ತಿದ್ದರು. ಇಡೀ ಊರೇ ಚುರುಮುರಿ ಗಾಡಿಗಳ ಕಡೆ ಹರಿಯುತ್ತಿತ್ತು.

ಈಗ ನಮ್ಮ ಊರಿಗೆ ಬರೋಣ. ನಮ್ಮ ಊರು ಅಂದರೆ ಶಿಕಾಗೋ, ಇಪ್ಪತ್ತು ವರ್ಷ ಆದ ಮೇಲೆ ಹಾಗೆ ಅನ್ನಬಹುದು ಅಲ್ವಾ? ಮಜಾ ನೋಡಿ, ಒಂದು ಲಕ್ಷದ ಲೆಕ್ಕ ಇಲ್ಲೂ ಇದೆ. 1893ರ ವಿಶ್ವ ಮೇಳದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಎಸಿ ಕರೆಂಟಿನಲ್ಲಿ ಸುಮಾರು ಒಂದು ಲಕ್ಷ ಬಲ್ಬು ಉರಿಸಿತು. ಮನೆಯಲ್ಲಿ ಸೀಮೆಎಣ್ಣೆ ಇಲ್ಲವೇ ಗ್ಯಾಸ್ ದೀಪ ಇದ್ದ ಜನ ಸಂಜೆ ಆಗುವುದನ್ನೇ ಕಾಯುತ್ತಾ ನಿಂತರು. ವಿವೇಕಾನಂದರು ಮಿಷಿಗನ್ ಅವೆನ್ಯೂದಲ್ಲಿ ಮಾತಾಡಿದ್ದೂ ಅದೇ ಮೇಳದ ಸಮಯದಲ್ಲೇ, ಸೆಪ್ಟೆಂಬರಿನಲ್ಲಿ. ಅದಾಗಿ ಹನ್ನೆರಡು ವರ್ಷಕ್ಕೆ, 1905ರ ಆಗಸ್ಟ್ 5ರಂದು, ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ದೀಪಗಳಿಗೆ ಬಂತು. ನಾವು ಅಷ್ಟೇನೂ ಹಿಂದೆ ಇರಲಿಲ್ಲ ಅಂತ ಹೇಳಿಕೊಳ್ಳಲು ಇದೊಂದು ಒಳ್ಳೆ ಲೆಕ್ಕ, ಪಕ್ಕದ ಮನೆಯವರಿಗೆ ಹೇಳಿ.

ಇಲ್ಲಿಯ ಡೌನ್‌ಟೌನ್‌ನಲ್ಲಿ ನನಗೆ ಇವತ್ತಿಗೂ ಮೊದಲು ಕಣ್ಣಿಗೆ ಬೀಳುವುದು ರಿಗ್ಲಿ ಬಿಲ್ಡಿಂಗ್. 1921ರಿಂದ ನದಿ ದಂಡೆಯಲ್ಲಿ ಬೆಳ್ಳಗೆ ನಿಂತಿದೆ. ಮೈಗೆಲ್ಲ ಬಿಳಿ ಮೆರುಗಿನ ಟೆರಾಕೋಟಾ ಬಿಲ್ಲೆಗಳು, ಅದೂ ಒಂದೇ ಬಿಳಿಯಲ್ಲ, ಕೆಳಗಿನಿಂದ ಮೇಲೆ ಹೋಗುತ್ತಾ ಬಿಳಿ ಇನ್ನೂ ಬಿಳಿ ಆಗುತ್ತದೆ. ಅದಕ್ಕೇ ಫ್ಲಡ್‌ಲೈಟ್ ಬಿದ್ದಾಗ ತುದಿ ತಾನೇ ಉರಿಯುವ ಹಾಗೆ ಕಾಣುತ್ತದೆ. ಬಣ್ಣ ಇಲ್ಲ, ಕುಣಿತ ಇಲ್ಲ. ಕಲ್ಲಿಗೆ, ಗೋಡೆಗೆ ಅದರದೇ ಬಣ್ಣ ಬಿಟ್ಟರೆ ಸಾಕು ಅನ್ನುವವನು ನಾನು. 2025ರ ಏಪ್ರಿಲ್‌ನಲ್ಲಿ ವಿಧಾನಸೌಧಕ್ಕೆ ಬಣ್ಣ ಬಣ್ಣದ ಎಲ್‌ಇಡಿ ಹಾಕಿದಾಗ ಅಕ್ಕ ವಿಡಿಯೋ ಕಳಿಸಿದ್ದಳು. 'ಚೆನ್ನಾಗಿದೆ' ಅಂತ ಬರೆದೆ, ಅಕ್ಕನಿಗೆ ಇನ್ನೇನು ಬರೆಯೋದು. ಗ್ರಾನೈಟು ನೇರಳೆ ಆಗುವುದನ್ನು ನೋಡಲು ನನಗೆ ಸ್ವಲ್ಪ ಕಷ್ಟವೇ ಆಯಿತು.

ಹಾಗಂತ ಹೊಸದೆಲ್ಲ ಬೇಡ ಅಂತಲ್ಲ. ಮರ್ಚಂಡೈಸ್ ಮಾರ್ಟ್ ಗೋಡೆಯ ಮೇಲೆ 2018ರಿಂದ ಚಿತ್ರ ಮೂಡಿಸುತ್ತಾರಲ್ಲ, ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ. 34 ಪ್ರೊಜೆಕ್ಟರ್, ಎರಡೂವರೆ ಎಕರೆ ಗೋಡೆ. ಎರಡೂವರೆ ಎಕರೆ! ನಮ್ಮ ತಾತನ ತೋಟವೇ ಅಷ್ಟು ಇರಲಿಲ್ಲ. ಕಲಾವಿದರ ಕೆಲಸ ಮಾತ್ರ, ಜಾಹೀರಾತು ಇಲ್ಲ. ರಿವರ್‌ವಾಕ್‌ನಲ್ಲಿ ಮಕ್ಕಳು, ಸ್ಟ್ರೋಲರ್, ಅಜ್ಜ ಅಜ್ಜಿ, ಪಾಪ್‌ಕಾರ್ನ್, ಎಲ್ಲ ಸೇರಿ ಕುಳಿತಿರುತ್ತಾರೆ. ಹೊತ್ತಿಗೆ ಸರಿಯಾಗಿ ಶುರು, ಹೊತ್ತಿಗೆ ಸರಿಯಾಗಿ ಮುಗಿಯಿತು. ಮುಗಿದ ಮೇಲೆ ಜನ ಎದ್ದು ಊಟಕ್ಕೆ ನಡೆಯುತ್ತಾರೆ. ಅರಮನೆ, ಚುರುಮುರಿ, ಅದೇ ಲೆಕ್ಕ.

ಇದೇ ರಾತ್ರಿ ನಾಲ್ಕು ಬ್ಲಾಕ್ ಆಚೆ ಲಾಸಾಲ್ ಸ್ಟ್ರೀಟಿಗೆ ಹೋಗಿ. ಕೋವಿಡ್ ಆದ ಮೇಲೆ ಅರ್ಧ ಆಫೀಸು ಮನೆಯಿಂದಲೇ ನಡೆಯುತ್ತಿದೆ, ನಿಮಗೆ ಗೊತ್ತೇ ಇದೆ, ನಿಮ್ಮಲ್ಲಿ ಅರ್ಧ ಜನ ಪೈಜಾಮದಲ್ಲೇ ಮೀಟಿಂಗ್ ಮಾಡುವವರು. ಬೀದಿಯ ಕೊನೆಯಲ್ಲಿ ಧಾನ್ಯ ವ್ಯಾಪಾರಕ್ಕೆ ಹೆಸರಾದ ಬೋರ್ಡ್ ಆಫ್ ಟ್ರೇಡ್ ಕಟ್ಟಡ, ತುದಿಯಲ್ಲಿ ಸೀರೀಸ್ ಅನ್ನುವ ಧಾನ್ಯದೇವತೆ. ಅಷ್ಟು ಎತ್ತರದಲ್ಲಿ ಯಾರು ನೋಡುತ್ತಾರೆ ಅಂತ ಶಿಲ್ಪಿ ಆಕೆಗೆ ಮುಖವನ್ನೇ ಕೆತ್ತಲಿಲ್ಲ. ಮುಖ ಇಲ್ಲದ ದೇವಿಗೆ ಬೆಳಕು ಬಿಟ್ಟಿದ್ದಾರೆ. ಕೆಳಗೆ ರಾತ್ರಿ ಒಂಬತ್ತಕ್ಕೆ ನಾನು ಒಂದು ಕಾಫಿ ಅಂಗಡಿ ಹುಡುಕಿ ಸೋತೆ. ಒಂದೊಂದು ಬಾಗಿಲಿಗೂ 'ಬಾಡಿಗೆಗೆ ಇದೆ' ಬೋರ್ಡು. ಮೇಲೆ ದೀಪಾವಳಿ, ಕೆಳಗೆ ಅಮಾವಾಸ್ಯೆ. (ದೀಪಾವಳಿ ಬರುವುದೇ ಅಮಾವಾಸ್ಯೆಗೆ ಅಂತ ಪಂಚಾಂಗ ನೋಡುವ ಹಿರಿಯರು ಫೋನ್ ಮಾಡಬೇಡಿ, ನನಗೂ ಗೊತ್ತು.)

ಡೌನ್‌ಟೌನ್ ಸತ್ತು ಹೋಗುತ್ತಿದೆ, ದೀಪ ಹಾಕಿ ಬದುಕಿಸೋಣ ಅನ್ನುವವರು ಸ್ವಲ್ಪ ಇದನ್ನೂ ನೋಡಬೇಕು. ದೂರದಿಂದ, ಆ್ಯಡ್ಲರ್ ಪ್ಲಾನೆಟೇರಿಯಂ ಹತ್ತಿರ ನಿಂತು ಫೋಟೋ ತೆಗೆದರೆ ಊರು ರಾಣಿ ಹಾಗೆ ಕಾಣುತ್ತದೆ. ಆದರೆ ನಡೆಯುವವನಿಗೆ ಬೇಕಾದ್ದು ನೆಲಮಹಡಿಯ ಬೆಳಕು. ಸ್ಟೇಟ್ ಸ್ಟ್ರೀಟಿನ ಶಿಕಾಗೋ ಥಿಯೇಟರ್ ಬೋರ್ಡು ನೋಡಿ, ಅದೂ 1921ರ ಥಿಯೇಟರೇ. ಆ ಬಾಗಿಲ ಮೇಲಿನ ಬಲ್ಬುಗಳ ಬೆಳಕು ನಮ್ಮ ಮುಖಕ್ಕೆ ಬೀಳುತ್ತದೆ. ಅದರ ಕೆಳಗೆ ಯಾವಾಗ ನೋಡಿದರೂ ಯಾರೋ ಯಾರಿಗೋ ಕಾಯುತ್ತಿರುತ್ತಾರೆ.

ಇನ್ನು ಹಕ್ಕಿಗಳ ವಿಷಯ. ಇದನ್ನು ಬರೆಯದೆ ಇರಬಹುದಿತ್ತು, ರಾಜ್ಯೋತ್ಸವದ ಖುಷಿಯಲ್ಲಿ ಯಾಕೆ ಅಪಶಕುನ ಅಂತ ಮನೆಯಲ್ಲಿ ಹೇಳಿದರು ಕೂಡ.

ಹಿಂದಿನ ಅಕ್ಟೋಬರ್. ಬೆಳಗ್ಗೆ ಏಳರ ಸುಮಾರು, ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ವ್ಯಾಕರ್ ಡ್ರೈವ್ ಮೇಲೆ ಆಫೀಸಿನ ಕಡೆ ನಡೆಯುತ್ತಿದ್ದೆ. ಒಂದು ಗಾಜಿನ ಕಟ್ಟಡದ ಬುಡದಲ್ಲಿ ಹೊಳೆಯುವ ಜಾಕೆಟ್ ಹಾಕಿದ ಒಬ್ಬ ಹೆಂಗಸು ಮಂಡಿಯೂರಿ ಕುಳಿತಿದ್ದರು. ಪಕ್ಕದಲ್ಲಿ ಸಣ್ಣ ಬಲೆ. ಕೈಯಲ್ಲಿ ಊಟದ ಡಬ್ಬಿ ಹಿಡಿಯುವಷ್ಟು ದೊಡ್ಡ ಕಂದು ಪೇಪರ್ ಚೀಲ, ಬಾಯಿ ಮಡಚಿ ಕ್ಲಿಪ್ ಹಾಕಿದ್ದರು, ಮೇಲೆ ಪೆನ್ಸಿಲಿನಲ್ಲಿ ಬೀದಿಯ ಹೆಸರು, ಹೊತ್ತು. ಏನು ಅಂತ ಕೇಳಿದೆ. ಚೀಲವನ್ನು ನನ್ನ ಕಿವಿಯ ಹತ್ತಿರ ಹಿಡಿದರು. ಒಳಗೆ ಸರಸರ, ಉಗುರಿನಿಂದ ಕಾಗದ ಕೆರೆದ ಹಾಗೆ. ವಾರ್ಬ್ಲರ್ ಅಂತೆ, ಹತ್ತು ಹನ್ನೆರಡು ಗ್ರಾಂ ತೂಗುವ ಹಕ್ಕಿ. ಬದುಕುತ್ತಾ ಅಂದೆ. 'ಗೊತ್ತಿಲ್ಲ. ಕತ್ತಲಲ್ಲಿ ಸುಮ್ಮನೆ ಇಟ್ಟರೆ ಕೆಲವು ಚೇತರಿಸಿಕೊಳ್ಳುತ್ತವೆ' ಅಂದರು. ಅವರ ಹೆಗಲ ಚೀಲದಲ್ಲಿ ಇಂಥ ಪೊಟ್ಟಣಗಳು ಇನ್ನೂ ಇದ್ದವು. ಎಲ್ಲದರಲ್ಲೂ ಸದ್ದು ಇರಲಿಲ್ಲ.

ಚಳಿಗೆ ಹೆದರಿ ದಕ್ಷಿಣಕ್ಕೆ ಹೋಗುವ ಈ ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿಯೇ ಹಾರುತ್ತವೆ. ಮಿಷಿಗನ್ ಕೆರೆಯ ದಂಡೆ ಅವುಗಳ ಹೆದ್ದಾರಿ, ನಮ್ಮ ಡೌನ್‌ಟೌನ್ ಆ ಹೆದ್ದಾರಿಯ ಮೇಲೇ ಕುಳಿತಿದೆ. ಮೋಡ ಇದ್ದ ರಾತ್ರಿ ನಗರದ ಬೆಳಕು ಅವನ್ನು ಕೆಳಗೆ ಎಳೆಯುತ್ತದೆ, ದಾರಿ ತಪ್ಪಿ ಗಾಜಿಗೆ ಬಡಿಯುತ್ತವೆ. 2023ರ ಅಕ್ಟೋಬರ್ 5ರ ಬೆಳಗ್ಗೆ ಮೆಕಾರ್ಮಿಕ್ ಪ್ಲೇಸ್ ಅನ್ನುವ ಸಮ್ಮೇಳನ ಕೇಂದ್ರದ ಕೆರೆ ಪಕ್ಕದ ಕಟ್ಟಡ ಒಂದರ ಬುಡದಲ್ಲೇ ಸಾವಿರದ ಹತ್ತಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಒಂದೇ ರಾತ್ರಿ. ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲಾರ್ಡ್ ಎಂಬವರು 1978ರಿಂದ ಅದೇ ಕಟ್ಟಡದ ಸುತ್ತ ಸತ್ತ ಹಕ್ಕಿ ಆರಿಸಿ ಲೆಕ್ಕ ಇಡುತ್ತಾ ಬಂದಿದ್ದರು. ಉರಿಯುವ ಕಿಟಕಿ ಜಾಸ್ತಿ ಆದಷ್ಟು ಸಾವೂ ಜಾಸ್ತಿ ಅಂತ ಆ ಲೆಕ್ಕದಿಂದಲೇ ಗೊತ್ತಾಗಿದ್ದು. 2024ರಲ್ಲಿ ಆ ಗಾಜಿಗೆಲ್ಲ ಸಣ್ಣ ಸಣ್ಣ ಚುಕ್ಕಿ ಇರುವ ಫಿಲ್ಮ್ ಅಂಟಿಸಿದರು, ಮನೆ ಮುಂದೆ ರಂಗೋಲಿಗೆ ಚುಕ್ಕಿ ಇಡುತ್ತೀವಲ್ಲ ಹಾಗೆ. ಆ ಸಲ ಸಾವು ಸುಮಾರು 95 ಪರ್ಸೆಂಟ್ ಕಡಿಮೆ ಆಯಿತು.

ನ್ಯಾಯವಾಗಿ ಹೇಳಬೇಕು ಅಂದರೆ ಹೊರಗಿನ ಅಲಂಕಾರದ ದೀಪ ಒಂದೇ ಅಪರಾಧಿ ಅಲ್ಲ. ಯಾರೂ ಇಲ್ಲದ ಆಫೀಸಿನಲ್ಲಿ ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟಿನದೂ ದೊಡ್ಡ ಪಾಲು. ನಮ್ಮ ಆಫೀಸಿನದೇ ಕಥೆ ಇದೆ. ಹದಿನೆಂಟನೇ ಮಹಡಿ ಖಾಲಿ ಬಿದ್ದು ಒಂದು ವರ್ಷ ಆಯಿತು, ದೀಪ ಮಾತ್ರ ಆರಿಲ್ಲ. ಕಟ್ಟಡದವರಿಗೆ ಎರಡು ಸಲ ಇಮೇಲ್ ಬರೆದೆ. ಎರಡು ಸಲವೂ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಬಂತು. ಕೊನೆಗೆ ಕೆಳಗಿನ ಸೆಕ್ಯುರಿಟಿಯವನು ನಿಜ ಹೇಳಿದ: ಟೈಮರ್ ಕೆಟ್ಟಿದೆ, ರಿಪೇರಿಯವನು ಬಂದಿಲ್ಲ.

ಹಾಗಾದರೆ ನಮ್ಮ ಹಳದಿ-ಕೆಂಪು? ಹಕ್ಕಿಗಳ ವಲಸೆಯ ಕಾಲದಲ್ಲಿ ರಾತ್ರಿ 11ರ ಮೇಲೆ ಎತ್ತರದ ಕಟ್ಟಡಗಳು ಅಲಂಕಾರದ ದೀಪ ಆರಿಸಬೇಕು ಅಂತ ಈ ನಗರದಲ್ಲಿ 1990ರ ದಶಕದಿಂದಲೇ ಒಂದು ಏರ್ಪಾಡಿದೆ, ಕಡ್ಡಾಯ ಅಲ್ಲ, ಒಪ್ಪಿದವರು ಮಾಡುತ್ತಾರೆ. ಶರತ್ಕಾಲದ ವಲಸೆ ನವೆಂಬರ್ ಮಧ್ಯದವರೆಗೂ ಇರುತ್ತದೆ. ಅಂದರೆ ರಾಜ್ಯೋತ್ಸವ ಅದರೊಳಗೇ ಬರುತ್ತದೆ. ಆದರೆ ನವೆಂಬರ್ 1ಕ್ಕೆ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂಮುಕ್ಕಾಲಿಗೇ! ಆರೂವರೆಗೆ ಹಚ್ಚಿದರೆ ಮಕ್ಕಳು ನಿದ್ದೆಗೆ ಮುಂಚೆ ನೋಡುತ್ತಾರೆ, ಹತ್ತಕ್ಕೆ ಆರಿಸಿದರೆ ಯಾರಿಗೂ ನಷ್ಟ ಇಲ್ಲ. ನಡುರಾತ್ರಿ ಎರಡು ಗಂಟೆಗೆ ನೇಪರ್‌ವಿಲ್‌ನಿಂದ ಯಾರಾದರೂ ಎದ್ದು ಬಂದು ನೋಡುತ್ತೀರಾ? ನಾನಂತೂ ಇಲ್ಲ.

ಸಮಿತಿಯ ಸಭೆಯಲ್ಲಿ ಇದನ್ನೇ ಹೇಳಿದೆ. ಅರ್ಜಿ ಹಾಕೋಣ, ಆದರೆ ಹತ್ತಕ್ಕೆ ಆರಿಸಿ ಅಂತ ನಾವೇ ಬರೆದು ಕೊಡೋಣ. ಒಬ್ಬರು 'ಕೇಳುವವರೇ ಕಡಿಮೆ ಕೇಳಿದರೆ ಹೇಗೆ ಸ್ವಾಮಿ' ಅಂದರು. ಇನ್ನೊಬ್ಬರು ಹಳದಿ-ಕೆಂಪು ನೋಡಿದರೆ ಈ ಊರಿನ ಜನಕ್ಕೆ ಬರ್ಗರ್ ಅಂಗಡಿ ನೆನಪಾಗುತ್ತೆ ಅಂದರು, ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಒಪ್ಪಿಗೆಯಾಯಿತು. ಎರಡು ಕಟ್ಟಡಗಳಿಗೆ ಪತ್ರ ಹೋಗುತ್ತಿದೆ, ಇಂಗ್ಲಿಷ್ ತಿದ್ದಲು ಯಾರಿಗಾದರೂ ಬಿಡುವಿದ್ದರೆ ತಿಳಿಸಿ.

ಅವರು ಒಪ್ಪಲಿ ಬಿಡಲಿ, ನಾವು ಅವತ್ತು ಸಂಜೆ ಆರಕ್ಕೆ ರಿವರ್‌ವಾಕ್‌ನಲ್ಲಿ ಸೇರೋಣ ಅಂತ ಇದ್ದೇವೆ. ಹಳದಿ-ಕೆಂಪು ಶಾಲು ಇದ್ದರೆ ಹೊದ್ದು ಬನ್ನಿ, ಒಳಗೆ ದಪ್ಪ ಜಾಕೆಟ್ ಇರಲಿ, ನದಿ ಗಾಳಿ ಕೆಟ್ಟದ್ದು. ಚುರುಮುರಿಗೆ ಈರುಳ್ಳಿ, ಟೊಮೆಟೊ ಹೆಚ್ಚಲು ನಾಲ್ಕು ಜನ ಬೇಕು. ಮಂಡಕ್ಕಿ ನಾನು ತರುತ್ತೇನೆ. ದೊಡ್ಡ ಪಾತ್ರೆ ಯಾರು ತರ್ತೀರಿ?