ಕೊಲಂಬಸ್‌ಗೆ ರಜೆ ಯಾಕೆ ಬೇಡ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಕ್ಟೋಬರ್‌ನ ಎರಡನೇ ಸೋಮವಾರ ಅಮೆರಿಕದಲ್ಲಿ ಕೊಲಂಬಸ್ ಹೆಸರಿನಲ್ಲಿ ಸರ್ಕಾರಿ ರಜೆ ಕೊಡುವುದು ಸರಿಯಾ ಅಂತ ಕೇಳಿದ್ದೆಯಲ್ಲ. ಸರಿಯಲ್ಲ ಅಂತಲೇ ನನ್ನ ಅನಿಸಿಕೆ. ನಿನ್ನ ಡಿಬೇಟ್‌ಗೆ ಬೇಕಾಗಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಅವನ ಧೈರ್ಯ ದೊಡ್ಡದೇ. 1492ರಲ್ಲಿ ಮೂರು ಹಡಗು ತೆಗೆದುಕೊಂಡು ಅಟ್ಲಾಂಟಿಕ್ ದಾಟಿದ. ಅಕ್ಟೋಬರ್ 12ರಂದು ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ. ಇಳಿದ ಎರಡೇ ದಿನಕ್ಕೆ ದಿನಚರಿಯಲ್ಲಿ ಏನು ಬರೆದ ಗೊತ್ತಾ? ಐವತ್ತು ಜನ ಇದ್ದರೆ ಸಾಕು, ಇವರನ್ನೆಲ್ಲ ಹಿಡಿತಕ್ಕೆ ತಂದು ಹೇಳಿದ ಕೆಲಸ ಮಾಡಿಸಬಹುದು ಅಂತ.

ಮಾಡಿಸಿದ ಕೂಡ. ಹಿಸ್ಪಾನಿಯೋಲಾ ದ್ವೀಪದಲ್ಲಿ, ಚಿನ್ನ ಸಿಗುವ ಸೀಮೆಯಲ್ಲಿ, 14 ತುಂಬಿದ ಪ್ರತಿ ಟೈನೊ (ಅಲ್ಲಿನ ಮೂಲನಿವಾಸಿ) ಮನುಷ್ಯನೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆಯ ತುಂಬ ಚಿನ್ನದ ಪುಡಿ ತಂದು ಕೊಡಬೇಕಿತ್ತು. ಬೇಟೆ ಗಿಡುಗದ ಕಾಲಿಗೆ ಕಟ್ಟುತ್ತಾರಲ್ಲ, ಆ ಗೆಜ್ಜೆ. ಕೊಟ್ಟವರ ಕೊರಳಿಗೆ ಗುರುತಿನ ಬಿಲ್ಲೆ. ಬಿಲ್ಲೆ ಇಲ್ಲದವರಿಗೆ ಶಿಕ್ಷೆ. ಆ ನದಿಗಳಲ್ಲಿ ಅಷ್ಟು ಚಿನ್ನವೇ ಇರಲಿಲ್ಲ. ನಿನಗೂ ಈಗ 14, ಅದಕ್ಕೇ ಈ ವಿಷಯ ಓದಿದಾಗಿನಿಂದ ನನ್ನ ಮನಸ್ಸು ಬಿಟ್ಟು ಹೋಗುತ್ತಿಲ್ಲ. 1495ರಲ್ಲಿ ಸುಮಾರು 500 ಟೈನೊ ಜನರನ್ನು ಗುಲಾಮರಾಗಿ ಮಾರಲು ಸ್ಪೇನ್‌ಗೆ ಕಳಿಸಿದರು. ಸುಮಾರು 200 ಜನ ದಾರಿಯಲ್ಲೇ ಸತ್ತರು.

ಆ ಕಾಲವೇ ಹಾಗಿತ್ತು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆದರೆ ಅವನ ಆಡಳಿತದ ಮೇಲೆ ಆಗಲೇ ದೂರುಗಳಿದ್ದವು. 1500ರಲ್ಲಿ ಸ್ಪೇನ್ ರಾಜಮನೆತನ ಕಳಿಸಿದ ಅಧಿಕಾರಿ ಬೊಬಡಿಲ್ಲಾ ಅವನಿಗೆ ಬೇಡಿ ಹಾಕಿಸಿ ವಾಪಸ್ ಕಳಿಸಿದ. ಆಮೇಲೆ ರಾಜ ರಾಣಿ ಬಿಡಿಸಿದರು, ಆದರೆ ಗವರ್ನರ್ ಹುದ್ದೆಯನ್ನು ಮರಳಿ ಕೊಡಲಿಲ್ಲ.

ಇನ್ನೊಂದು ಕಡೆಯ ನೋವೂ ನಿಜ, ಅದನ್ನು ಸುಮ್ನೆ ತಳ್ಳಿಹಾಕಬೇಡ. ಕೊಲಂಬಸ್ ಇಟಲಿಯವನು, ಅದಕ್ಕೇ ಅಮೆರಿಕದಲ್ಲಿರುವ ಇಟಲಿ ಮೂಲದ ಎಷ್ಟೋ ಜನಕ್ಕೆ ಅವನು ತಮ್ಮವನು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಇಟಲಿ ಮೂಲದ 11 ಜನರನ್ನು ಕೊಂದುಹಾಕಿತು. ಮರುವರ್ಷ ಅಧ್ಯಕ್ಷ ಹ್ಯಾರಿಸನ್ ಕೊಲಂಬಸ್ ಯಾನದ 400ನೇ ವರ್ಷ ಆಚರಿಸಲು ಕರೆ ಕೊಟ್ಟರು. ಅವಮಾನ ತಿಂದ ಜನಕ್ಕೆ ಈ ದಿನ, ನಾವೂ ಈ ನೆಲದವರು ಅಂತ ತಲೆ ಎತ್ತಿ ಹೇಳುವ ದಿನವಾಯಿತು. ಆ ಗೌರವ ಅವರಿಗೆ ಸಿಗಲೇಬೇಕು. ಆದರೆ ಅದಕ್ಕೆ ಕೊಲಂಬಸ್ಸೇ ಆಗಬೇಕಾ?

ಕೊಲೊರಾಡೊ ರಾಜ್ಯ ಏನು ಮಾಡಿತು ನೋಡು. 1907ರಲ್ಲಿ ಈ ರಜೆಯನ್ನು ಮೊದಲು ಕಾನೂನು ಮಾಡಿದ ರಾಜ್ಯವೇ ಅದು. 2020ರಲ್ಲಿ ಅದನ್ನು ಕೈಬಿಟ್ಟು ಫ್ರಾನ್ಸೆಸ್ ಕ್ಯಾಬ್ರಿನಿ ಹೆಸರಿನಲ್ಲಿ ರಜೆ ಕೊಟ್ಟಿತು. ಇಟಲಿಯಿಂದ ಬಂದ ಸನ್ಯಾಸಿನಿ ಅವರು. ವಲಸೆ ಬಂದ ಬಡವರಿಗೆ ಶಾಲೆ, ಆಸ್ಪತ್ರೆ, ಅನಾಥಾಲಯ ಕಟ್ಟಿದವರು. ಬರ್ಕ್ಲಿ ನಗರವಂತೂ 1992ರಲ್ಲೇ ಆ ದಿನವನ್ನು ಮೂಲನಿವಾಸಿಗಳ ಹೆಸರಿಗೆ ಬದಲಿಸಿತ್ತು.

ಇತಿಹಾಸ ಅಳಿಸುತ್ತೀರಾ ಅಂತ ಕೇಳಿದರೆ, ಇಲ್ಲ ಅನ್ನು. ಕೊಲಂಬಸ್ ಪಾಠ ಪುಸ್ತಕದಲ್ಲಿ ಇರಲಿ, ಈಗಿನದಕ್ಕಿಂತ ಜಾಸ್ತಿಯೇ ಇರಲಿ, ಗೆಜ್ಜೆಯ ಕಥೆ ಸಮೇತ. ರಜೆ ಕೊಡುವುದು ಮಾತ್ರ ಮರ್ಯಾದೆ ಮಾಡಿದಂತೆ, ಅದು ಅವನಿಗೆ ಬೇಡ.

ನಿನ್ನ ಎದುರು ತಂಡದ ಹುಡುಗಿಯ ಮನೆಯವರು ಇಟಲಿಯವರು ಅಂದೆಯಲ್ಲ. ಅವಳು ಹೇಳುವುದನ್ನು ಪೂರ್ತಿ ಕೇಳು, ಆಮೇಲೆ ಕ್ಯಾಬ್ರಿನಿ ವಿಷಯ ತೆಗಿ.

ನಿನ್ನ ಅಮ್ಮ