ಪ್ರಿಂಟರನ್ನು ಭಂಗಾರದವನಿಗೆ ಕೊಡುವ ಮುನ್ನ

ಮಾನ್ಯರೇ,

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಕಂಪ್ಯೂಟರಿಗೆ ಅದರ ಬದಲು ಲಿನಕ್ಸ್ ಬಗೆಯ ಕಾರ್ಯಾಚರಣೆ ವ್ಯವಸ್ಥೆಗಳಾದ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಸಿಕೊಂಡವರು ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲೂ ಇದ್ದಾರೆ. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ, ಪ್ರಿಂಟರ್ ಮಾತ್ರ ಮುಷ್ಕರ ಹೂಡುತ್ತದೆ. ‘ಲಿನಕ್ಸಿಗೆ ಇದು ನಡೆಯೋದಿಲ್ಲ’ ಎಂದು ಯಾರಾದರೂ ಅಂದದ್ದೇ ತಡ, ಯಂತ್ರ ಭಂಗಾರದವನ, ಅಂದರೆ ಗುಜರಿಯವನ, ಕೈಗಾಡಿ ಏರುತ್ತದೆ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ.

ಏರ್‌ಪ್ರಿಂಟ್ ಸೌಲಭ್ಯವಿರುವ (ವೈಫೈ ಮೂಲಕ ಮುದ್ರಿಸುವ ಆಪಲ್ ಕಂಪನಿಯ ವಿಧಾನ) ಪ್ರಿಂಟರಿಗೆ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಪ್ರತ್ಯೇಕ ತಂತ್ರಾಂಶ, ಬೇಡ. ಕಂಪ್ಯೂಟರ್ ಇರುವ ವೈಫೈಗೇ ಅದನ್ನೂ ಸೇರಿಸಿದರೆ ಪಟ್ಟಿಯಲ್ಲಿ ತಾನೇ ಕಾಣಿಸುತ್ತದೆ. ಕಾಣದಿದ್ದರೆ ರೂಟರಿನ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದೆಯೇ ನೋಡಿ.

ತಲೆನೋವು ಕೊಡುವುದು ಎಚ್‌ಪಿ ಲೇಸರ್‌ಜೆಟ್ 1020, ಪಿ1007ರಂಥ ಹಳೆಯ ಗಟ್ಟಿಮುಟ್ಟು ಯಂತ್ರಗಳು. ಇವುಗಳ ಹೊಟ್ಟೆಯಲ್ಲಿ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳ ತಂತ್ರಾಂಶ) ಉಳಿಯುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಯುಎಸ್‌ಬಿ ಮೂಲಕ ಅದನ್ನು ಉಣಿಸಬೇಕು. ಆ ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲವಾದ್ದರಿಂದ ಲಿನಕ್ಸಿನಲ್ಲಿ ಎಚ್‌ಪಿ ಪ್ರಿಂಟರುಗಳನ್ನು ನಡೆಸುವ ಎಚ್‌ಪಿಲಿಪ್ ತಂತ್ರಾಂಶದಲ್ಲಿ ಬರುವುದಿಲ್ಲ, ಪ್ಲಗಿನ್ ಎಂಬ ಸೇರ್ಪಡೆಯಾಗಿ ಬೇರೆಯೇ ಇಳಿಸಿಕೊಳ್ಳಬೇಕು. ಪ್ರಿಂಟರಿನ ಕೇಬಲನ್ನು ಹಬ್ ಇಲ್ಲದೆ ನೇರವಾಗಿ ಚುಚ್ಚಿ. ಇಂಟರ್ನೆಟ್ ಇರುವಾಗ, ಆದೇಶ ಟೈಪಿಸುವ ಟರ್ಮಿನಲ್ಲಿನಲ್ಲಿ ಮೊದಲು ‘ಎಚ್‌ಪಿ-ಪ್ಲಗಿನ್’, ಅದು ಮುಗಿದ ಮೇಲೆ ‘ಎಚ್‌ಪಿ-ಸೆಟಪ್’ ಆದೇಶ ಕೊಡಿ. ಎರಡೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಅಡ್ಡಗೆರೆ. ಕಿಟಕಿ ತೆರೆದುಕೊಳ್ಳದಿದ್ದರೆ ಕೊನೆಗೆ ಒಂದು ಜಾಗ ಬಿಟ್ಟು ‘ಮೈನಸ್ ಐ’ ಸೇರಿಸಿ. ಪ್ಲಗಿನ್ನಿನ ಆವೃತ್ತಿಯೂ ಎಚ್‌ಪಿಲಿಪ್‌ನ ಆವೃತ್ತಿಯೂ ಒಂದೇ ಇರಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ದೊಡ್ಡ ಅಪ್‌ಡೇಟ್ ಆದ ಮರುದಿನ ಕಳಿಸಿದ ಪುಟ ಹೊರಬರಲಿಲ್ಲ, ಯಂತ್ರ ಸದ್ದೂ ಮಾಡಲಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಪ್ಲಗಿನ್ ಮತ್ತೆ ಹಾಕಿ, ಪ್ರಿಂಟರ್ ಆರಿಸಿ ಹಚ್ಚಿ.

ಇನ್ನೊಂದು ಕಾಯಿಲೆ ಮುದ್ರಣದ ಸರತಿ ನಿಂತುಬಿಡುವುದು. ನಡುವೆ ಕೇಬಲ್ ಕಿತ್ತರೆ ಅಥವಾ ಕರೆಂಟ್ ಹೋದರೆ, ಲಿನಕ್ಸಿನಲ್ಲಿ ಮುದ್ರಣ ನೋಡಿಕೊಳ್ಳುವ ಕಪ್ಸ್ ತಂತ್ರಾಂಶ ಆ ಪ್ರಿಂಟರನ್ನು ತಡೆಹಿಡಿಯಬಹುದು. ಆಮೇಲೆ ಕರೆಂಟ್ ಬಂದರೂ ಅದು ಹಾಗೆಯೇ ಇರುತ್ತದೆ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’, ಕೋಲನ್, 631 ಎಂದು ಬರೆದರೆ ಕಪ್ಸ್ ಪುಟ ಬರುತ್ತದೆ. ಅಲ್ಲಿ ನಿಮ್ಮ ಪ್ರಿಂಟರಿನ ಹೆಸರನ್ನು ಆಯ್ದುಕೊಂಡು ‘ರೆಸ್ಯೂಮ್’ ಒತ್ತಿ. ಹೆಸರು, ಪಾಸ್‌ವರ್ಡ್ ಕೇಳಿದರೆ ‘ರೂಟ್’ (ಆಡಳಿತಗಾರನ ಖಾತೆ) ಎಂದು ಬರೆಯಬೇಡಿ, ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇಟ್ಟಿರುವುದಿಲ್ಲ. ನಿಮ್ಮ ಲಾಗಿನ್ ಹೆಸರನ್ನೇ ಕೊಡಿ. ಅದೇ ಪುಟದ ಪಾಲಿಸಿ ವಿಭಾಗದಲ್ಲಿ ‘ಸ್ಟಾಪ್-ಪ್ರಿಂಟರ್’ ಇದ್ದರೆ ‘ರಿಟ್ರೈ-ಜಾಬ್’ ಮಾಡಿಬಿಟ್ಟರೆ ಈ ಕಾಟ ಕಡಿಮೆ. ಹಾಗೆಯೇ ಕಾಗದದ ಅಳತೆಯನ್ನೂ ನೋಡಿ. ಅಮೆರಿಕದ ‘ಲೆಟರ್’ ಎಂದಿದ್ದರೆ ಅದು ಎ4ಗಿಂತ 18 ಮಿ.ಮೀ. ಗಿಡ್ಡ, 6 ಮಿ.ಮೀ. ಅಗಲ. ಟ್ರೇ ತುಂಬ ಎ4 ಕಾಗದವಿದ್ದರೂ ಕೆಲವು ಪ್ರಿಂಟರುಗಳು ದೀಪ ಮಿನುಗಿಸುತ್ತ ಸುಮ್ಮನೆ ಕೂರುತ್ತವೆ.

ಆಮಂತ್ರಣ ಪತ್ರಿಕೆಯ ಕನ್ನಡ ಕಲಸುಮೇಲೋಗರವಾಗಿ ಬಂದರೆ ಅದು ಪ್ರಿಂಟರಿನ ತಪ್ಪಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹಾಗೇ ಆಗುವುದು. ಟೈಪಿಸಿದವರಿಂದ ಪಿಡಿಎಫ್ ತರಿಸಿಕೊಳ್ಳಿ. ಮಳೆಗಾಲದಲ್ಲಿ ಕಾಗದ ಸಿಕ್ಕಿಕೊಳ್ಳುವುದಕ್ಕೂ ಲಿನಕ್ಸಿಗೂ ಸಂಬಂಧವಿಲ್ಲ (ಬೈಗುಳ ಮಾತ್ರ ಅದಕ್ಕೇ!). ತೆರೆದ ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಟ್ರೇಗೆ ಆ ದಿನಕ್ಕೆ ಬೇಕಾದಷ್ಟೇ ಹಾಕಿ.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಪ್ರಿಂಟರ್ ಕೊಳ್ಳುವವರಿಗೆ ಒಂದು ಮಾತು: ದುಡ್ಡು ಕೊಡುವ ಮುನ್ನ ಮಾದರಿ ಸಂಖ್ಯೆಯನ್ನು, ಯಾವ ಪ್ರಿಂಟರ್ ಲಿನಕ್ಸಿಗೆ ಒಗ್ಗುತ್ತದೆಂದು ತಿಳಿಸುವ ಓಪನ್‌ಪ್ರಿಂಟಿಂಗ್ ತಾಣದಲ್ಲಿ ಹುಡುಕಿ ನೋಡಿ. ಕ್ಯಾನನ್ ಎಲ್‌ಬಿಪಿ 2900 ಒಳ್ಳೆಯ ಯಂತ್ರವೇ. ಆದರೆ ಅದು ಕ್ಯಾನನ್ ಕಂಪನಿಯದೇ ಆದ ಕ್ಯಾಪ್ಟ್ ಎಂಬ ಭಾಷೆಯಲ್ಲಿ ಮಾತಾಡುತ್ತದೆ, ಲಿನಕ್ಸಿನಲ್ಲಿ ಅದನ್ನು ಪಳಗಿಸುವುದು ಹೊಸಬರ ಕೆಲಸವಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

– ಇಬ್ಬರು ಓದುಗರು, ಡೊಂಬಿವಲಿ