ಮಗಳಿಗೊಂದು ಪತ್ರ: ನಮ್ಮ ಅಂಗಳಕ್ಕೆ ಬಂದ ಬಸಳೆ

ಚಿ. ಸೌ. ಮಗಳಿಗೆ ಕಲಬುರಗಿಯಿಂದ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಬಿದ್ದ ಮೇಲೆ ಆಯಿಯ ಮೊಣಕಾಲು ನೋವು ಸ್ವಲ್ಪ ಹೆಚ್ಚಿದೆ, ಉಳಿದಂತೆ ಚಿಂತೆಯಿಲ್ಲ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣದಾದದ್ದು ನನಗೆ ಗೊತ್ತಾಯಿತು. ನಾನು ಬಸ್ಸಿನಲ್ಲಿ ಕಳಿಸಿದ ಪುಂಡಿಪಲ್ಯವನ್ನು, ನಮ್ಮ ಕಡೆಯ ಆ ಹುಳಿ ಸೊಪ್ಪನ್ನು, ನೀನು ಬೆಳಗ್ಗೆ ಎದ್ದು ಸೋಸಿ, ತೊಳೆದು, ಎಷ್ಟೊಂದು ಆಸೆಯಿಂದ ಮಾಡಿದ್ದೆ. ಮನೆಯವರೆಲ್ಲ ಒಂದೊಂದು ತುತ್ತು ತಿಂದು, ಹುಳಿ ಎಂದು ಬದಿಗೆ ಸರಿಸಿದರಂತೆ. ರಾತ್ರಿ ನೀನೊಬ್ಬಳೇ ಕುಳಿತು ಪಾತ್ರೆ ಖಾಲಿ ಮಾಡಿದೆಯಂತೆ. ಅದನ್ನು ಕೇಳಿ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಉಳಿದೇ ಹೋಗುತ್ತದೆ, ಅದಕ್ಕೇ ಬರೆಯಲು ಕುಳಿತೆ.

ಪಂಚಮಿಗೆ ನೀನು ತವರಿಗೆ ಬಂದಾಗ ನಿನ್ನ ಅತ್ತೆಯವರು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಕಳಿಸಿದ ನಾಲ್ಕು ಬಸಳೆ ಕಡ್ಡಿಗಳು ನೆನಪಿವೆಯೇ? ಬಚ್ಚಲ ನೀರು ಹರಿದು ಹೋಗುವ ಮೂಲೆಯಲ್ಲಿ ಒಂದು ಶಹಾಬಾದ್ ಕಲ್ಲನ್ನು ಎಬ್ಬಿಸಿ ನಾವಿಬ್ಬರೂ ಸೇರಿ ಊರಿದೆವಲ್ಲ, ಅವೇ. ಒಂದು ಕೊಳೆತುಹೋಯಿತು. ಉಳಿದ ಮೂರು ಶ್ರಾವಣದ ಮಳೆಗೆ ಚಿಗುರಿ, ಭಾದ್ರಪದ ಬರುವಷ್ಟರಲ್ಲಿ ಗೋಡೆ ಹತ್ತಿದವು. ಹೊಲದಿಂದ ತೊಗರಿ ಕಟ್ಟಿಗೆ ತಂದು ನಿನ್ನ ಅಣ್ಣ ಹಂದರ ಹಾಕಿಕೊಟ್ಟ. ವೀಳ್ಯದೆಲೆಗಿಂತ ದಪ್ಪ, ಬೆರಳಲ್ಲಿ ಒತ್ತಿದರೆ ರಸ ತುಂಬಿದ ಹಾಗೆ ಮೆತ್ತಗೆ, ಬಿಸಿಲಿಗೆ ಫಳಫಳ ಹೊಳೆಯುವ ಎಲೆ. ಹಾದಿಯಲ್ಲಿ ಹೋಗುವವರೆಲ್ಲ ನಿಂತು, ಇದು ಯಾವ ಬಳ್ಳಿ ಎಂದು ಕೇಳುತ್ತಿದ್ದರು.

ನೋಡುವುದೇನೋ ಸರಿ, ತಿನ್ನಬೇಕಲ್ಲ. ಕಣ್ಣಿ ಮಾರುಕಟ್ಟೆಗೆ ಹೋದರೆ ಮೆಂತ್ಯ, ರಾಜಗಿರಿ, ಸಬ್ಬಸಿಗೆ, ಪುಂಡಿ, ಹಕ್ಕರಕಿ ಎಂದು ನಮಗೆ ಪಲ್ಯಕ್ಕೇನು ಕೊರತೆ? ಅಷ್ಟೆಲ್ಲ ಇರುವಾಗ ಈ ಲೋಳೆಯ ಎಲೆ ಯಾಕೆ ಬೇಕು ಎಂದು ನಿನ್ನ ಅಪ್ಪ ಕೇಳಿದರು. ನನ್ನ ಮನಸ್ಸಿನಲ್ಲಿ ಒಂದೇ ಉತ್ತರವಿತ್ತು. ನನ್ನ ಮಗಳು ಅಷ್ಟು ದೂರದ ಮಂಗಳೂರಿನಲ್ಲಿ ವಾರಕ್ಕೆರಡು ಸಲ ಉಣ್ಣುವುದರ ರುಚಿ ನಮ್ಮ ನಾಲಿಗೆಗೂ ಗೊತ್ತಿರಲಿ, ಅಷ್ಟೇ. ಅದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ. ಅದರ ಬದಲು ಕಬ್ಬಿಣದ ಅಂಶವಿದೆ, ಕಣ್ಣಿಗೆ ಒಳ್ಳೆಯದು, ಹೊಟ್ಟೆಗೆ ತಂಪು ಎಂದು ಬಡಿಸುತ್ತಾ ಬಡಿಸುತ್ತಾ ಹೇಳಿದೆ. ಹೇಳಿದ್ದೆಲ್ಲ ನಿಜವೇ, ಆದರೆ ಹೇಳಬಾರದಿತ್ತು. ಔಷಧವೆಂದು ಕೊಟ್ಟ ತುತ್ತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಮೊದಲ ದಿನ ನಿನ್ನ ಅತ್ತೆಯವರು ಹೇಳಿದ ಹಾಗೆಯೇ ತೆಂಗಿನಕಾಯಿ ಅರೆದು ಹಾಕಿ ಮಾಡಿದೆ. ಅವರ ಕೈಯಲ್ಲಿ ಅದು ಅಮೃತದಂತಿರುತ್ತದೆ, ನಾನೇ ಅಲ್ಲಿಗೆ ಬಂದಾಗ ಉಂಡಿದ್ದೇನೆ. ಇಲ್ಲಿ ನಾನು ಮಾಡಿದ ತಪ್ಪು ಬೇರೆ. ಎಲೆಯನ್ನು ಸಣ್ಣಗೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆದು, ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕಿ ಮುಚ್ಚಿಟ್ಟು ಕುದಿಸಿದೆ. ಬಸಳೆಯ ಲೋಳೆ ನೀರು ಕುಡಿದಷ್ಟೂ ಉಬ್ಬುತ್ತದೆ, ಎಲೆ ಸಣ್ಣದಾದಷ್ಟೂ ಹೆಚ್ಚು ಹೊರಗೆ ಬರುತ್ತದೆ. ಜೋಳದ ರೊಟ್ಟಿಯ ಚೂರಿನಲ್ಲಿ ಎತ್ತಿದರೆ ನೂಲು ನೂಲಾಗಿ ಜಾರಿತು. ಅನ್ನಕ್ಕೆ ಕಲಸಿಕೊಳ್ಳುವವರಿಗೆ ಅದು ತೊಂದರೆಯೇ ಅಲ್ಲ, ರೊಟ್ಟಿಯಲ್ಲಿ ಹಿಡಿದು ತಿನ್ನುವವರಿಗೆ ಪಲ್ಯ ನಿಲ್ಲಬೇಕು. ಆಯಿ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಇದನ್ನು ಎಮ್ಮೆಗೆ ಹಾಕು" ಎಂದರು. ಆ ರಾತ್ರಿ ನಾನೂ ನಿನ್ನ ಹಾಗೆಯೇ ಒಬ್ಬಳೇ ಕುಳಿತು ಉಂಡೆ.

ಒಂದು ವಾರ ಬಿಟ್ಟು ಬೇರೆ ರೀತಿ ಮಾಡಿದೆ. ಇಡೀ ಎಲೆಯನ್ನೇ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿದೆ. ಅಗಲವಾಗಿ ಹರಿದುಕೊಂಡೆ, ಚಾಕು ಮುಟ್ಟಿಸಲಿಲ್ಲ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ ಹಾಕಿ, ಎಲೆ ಸುರಿದು, ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಹುರಿದೆ. ಉಪ್ಪು ಕೊನೆಗೆ, ಮೇಲೆ ಎರಡು ಹಿಡಿ ಕಡಲೆ ಹಿಟ್ಟು ಉದುರಿಸಿ ಕೆದಕಿದೆ. ಹಿಟ್ಟು ತೇವವನ್ನೆಲ್ಲ ಹೀರಿಕೊಂಡು ಪಲ್ಯ ಉದುರುದುರಾಯಿತು. ನಿನ್ನ ಅಣ್ಣ ಎರಡು ರೊಟ್ಟಿ ತಿಂದ. ಅಪ್ಪ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ, ತಟ್ಟೆಯಲ್ಲಿ ಏನನ್ನೂ ಉಳಿಸಲಿಲ್ಲ. ನನಗೆ ಅಷ್ಟು ಸಾಕಿತ್ತು.

ಇನ್ನು ನಿನಗೆ ಈವರೆಗೆ ಹೇಳದಿರುವ ಸಂಗತಿ. ದಸರೆಯ ಹೊತ್ತಿಗೆ ಒಂದು ದಿನ ನೀನು ಫೋನು ಮಾಡಿ, "ಇವತ್ತು ನಮ್ಮಲ್ಲಿ ಬಸಳೆ ಪುಂಡಿ ಅವ್ವಾ, ತುಂಬಾ ರುಚಿಯಾಗಿತ್ತು" ಎಂದೆ. ನನ್ನ ಕಣ್ಣು ತುಂಬಿ ಬಂತು. ನನ್ನ ಮಗಳ ಮನೆಯಲ್ಲಿ ಬಸಳೆಯ ಜೊತೆ ನಮ್ಮ ಪುಂಡಿಯನ್ನೂ ಹಾಕಿ ಬೇಯಿಸುತ್ತಿದ್ದಾರೆ ಎಂದುಕೊಂಡೆ. ಮರುದಿನವೇ ಪುಂಡಿ ತರಿಸಿ, ಮೂರು ಪಾಲು ಬಸಳೆಗೆ ಒಂದು ಪಾಲು ಪುಂಡಿ ಸೇರಿಸಿದೆ. ನಮ್ಮ ಹೊಲದ ತೊಗರಿ ಬೇಳೆ ಒಂದು ಹಿಡಿ, ಜೋಳದ ನುಚ್ಚು ಒಂದು ಹಿಡಿ, ಹಸಿ ಮೆಣಸಿನಕಾಯಿ, ಉಪ್ಪು. ಬೆಂದ ಮೇಲೆ ಕಟ್ಟಿಗೆಯ ಸೌಟಿನಿಂದ ಚೆನ್ನಾಗಿ ಮಸೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಪುಂಡಿಯ ಹುಳಿ ಲೋಳೆಯನ್ನು ಮುರಿಯಿತು, ಬಸಳೆಯ ಮೆತ್ತನೆಯ ಗುಣ ಪುಂಡಿಯ ಚುರುಕನ್ನು ತಗ್ಗಿಸಿತು. ಬೇಳೆ ಮತ್ತು ನುಚ್ಚು ಎರಡನ್ನೂ ಹಿಡಿದು ಕೂರಿಸಿದವು. ಮಗಳೇ, ಅವತ್ತು ಆಯಿ ರೊಟ್ಟಿಯನ್ನು ಅದರಲ್ಲಿ ಮುರಿದು ನೆನೆಸಿ, ಬಟ್ಟಲು ಚಾಚಿ ಇನ್ನೊಂದು ಸಲ ಹಾಕಿಸಿಕೊಂಡರು. ಹಲ್ಲಿಲ್ಲದ ಬಾಯಿಗೆ ಪುಂಡಿಯ ನಾರಿಗಿಂತ ಇದೇ ಹಿತವಾಯಿತು.

ನಿಮ್ಮ ಕಡೆ ಪುಂಡಿ ಎಂದರೆ ಅಕ್ಕಿ ತರಿಯ ಉಂಡೆ, ಅದನ್ನು ಬಸಳೆ ಸಾರಿನಲ್ಲಿ ಹಾಕುತ್ತಾರೆ ಎಂದು ನೀನು ಹೇಳಿದ್ದು ಹದಿನೈದು ದಿನ ಕಳೆದ ಮೇಲೆ. ಅಷ್ಟರಲ್ಲಿ ನಮ್ಮ ಬಸಳೆ ಪುಂಡಿ ಈ ಮನೆಯಲ್ಲಿ ನಾಲ್ಕು ಸಲ ಆಗಿತ್ತು. ಒಂದೇ ಹೆಸರು, ನಿಮ್ಮಲ್ಲಿ ಉಂಡೆ, ನಮ್ಮಲ್ಲಿ ಎಲೆ. ಅವತ್ತು ತಪ್ಪು ತಿಳಿದದ್ದಕ್ಕೆ ನನಗೆ ಈಗಲೂ ಸಂತೋಷವೇ ಆಗುತ್ತದೆ.

ಚಿಕ್ಕವನ ವಿಷಯ ಬೇರೆಯೇ. ಏಳು ವರ್ಷದ ಹುಡುಗ ಹಸಿರು ಕಂಡರೆ ತುಟಿ ಬಿಗಿಯುತ್ತಾನೆ. ನಿನ್ನ ವೈನಿ ಬಸಳೆಯನ್ನು ಹಿಟ್ಟಿನಲ್ಲಿ ಕಲಸಿ ಗೊತ್ತಾಗದ ಹಾಗೆ ಪರೋಟ ಮಾಡೋಣವೇ ಎಂದು ಕೇಳಿದಳು. ನಾನು ಬೇಡ ಎಂದೆ. ಬಚ್ಚಿಟ್ಟು ತಿನ್ನಿಸಿದ್ದು ಒಂದು ದಿನ ಗೊತ್ತಾದರೆ ಮಗು ಪರೋಟವನ್ನೂ ನಂಬುವುದಿಲ್ಲ. ಮಕ್ಕಳ ಡಾಕ್ಟರು ಹೇಳುವ ಪ್ರಕಾರ ಹೊಸ ರುಚಿಯೊಂದು ಮಗುವಿಗೆ ಒಗ್ಗಬೇಕಾದರೆ 8–10 ಸಲ, ಕೆಲವು ಮಕ್ಕಳಿಗೆ 15 ಸಲವಾದರೂ ತಟ್ಟೆಗೆ ಬರಬೇಕು, ಒತ್ತಾಯವಿಲ್ಲದೆ ಬರಬೇಕು. ಅದಕ್ಕೇ ದಿನವೂ ಒಂದು ಚಮಚದಷ್ಟು ಅವನ ತಟ್ಟೆಯ ಅಂಚಿಗೆ ಹಾಕಿ ಸುಮ್ಮನಿರುತ್ತಿದ್ದೆವು. ಕಾರ್ತಿಕದಲ್ಲಿ ಬಳ್ಳಿ ಹೂಬಿಟ್ಟು ಕಾಯಿ ಕಟ್ಟಿತು. ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪ, ಮಾಗಿದ ಮೇಲೆ ಕಪ್ಪಗೆ. ಒಂದನ್ನು ಹಿಚುಕಿದ ಹುಡುಗನ ಬೆರಳೆಲ್ಲ ನೇರಳೆ ಬಣ್ಣವಾಯಿತು. ಬಟ್ಟಲಿನಲ್ಲಿ ರಸ ಹಿಂಡಿ, ಕಡ್ಡಿ ಅದ್ದಿ, ಅಂಗಳದ ಕಲ್ಲಿನ ಮೇಲೆ ತನ್ನ ಹೆಸರು ಬರೆದ, ಆಮೇಲೆ ನಿನ್ನ ಹೆಸರನ್ನೂ ಬರೆದ. ಆ ದಿನದಿಂದ ಬಳ್ಳಿ ಅವನದಾಯಿತು. ಕೊಯ್ಯುವವನು ಅವನೇ. ದಂಟಿಗೆ ಉಗುರು ಹಾಕಿ ನೋಡುವುದನ್ನು ಆಯಿ ಕಲಿಸಿದ್ದಾರೆ: ಟಪ್ಪೆಂದು ಮುರಿದರೆ ಎಳೆಯದು, ನಾರು ಎಳೆದರೆ ಬಲಿತದ್ದು, ಬಲಿತದ್ದನ್ನು ಬಿಡು. ತಾನು ಕೊಯ್ದದ್ದು ಒಲೆಯ ಮೇಲೆ ಬೇಯುವುದನ್ನು ನೋಡುತ್ತಾ ನಿಲ್ಲುತ್ತಾನೆ. ಕಳೆದ ವಾರ ತಾನಾಗಿಯೇ ಒಂದು ತುತ್ತು ತಿಂದ, ನಿನ್ನೆ ಮೂರು. ನಾವು ಯಾರೂ ಅವನನ್ನು ಹೊಗಳಲಿಲ್ಲ, ಹೊಗಳಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು.

ಅಪ್ಪನಿಗೆ ಹಿಂದೆ ಮೂತ್ರಪಿಂಡದ ಕಲ್ಲಿನ ತೊಂದರೆ ಆಗಿತ್ತಲ್ಲ, ಅದನ್ನು ನಾನು ಮರೆತಿಲ್ಲ. ಪಾಲಕಿನಲ್ಲಿ ಇರುವಂತೆ ಬಸಳೆಯಲ್ಲೂ ಪುಂಡಿಯಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಇರುತ್ತದೆ. ಅವರಿಗೆ ವಾರಕ್ಕೊಮ್ಮೆ, ಸ್ವಲ್ಪವೇ ಬಡಿಸುತ್ತೇನೆ, ನೀರು ಚೆನ್ನಾಗಿ ಕುಡಿಸುತ್ತೇನೆ. ನಿನ್ನ ಮನೆಯಲ್ಲಿಯೂ ಯಾರಿಗಾದರೂ ಅಂಥ ತೊಂದರೆ ಇದ್ದರೆ ಪುಂಡಿಯನ್ನೂ ಹಿತಮಿತವಾಗಿ ಬಡಿಸು.

ಈಗ ನಿನ್ನ ಪುಂಡಿಗೆ ಬರೋಣ. ನೀನು ಮಾಡಿದ್ದು ನಮ್ಮ ಮನೆಯ ಪುಂಡಿಪಲ್ಯ: ಖಾರ ಜಾಸ್ತಿ, ಹುಳಿ ಜಾಸ್ತಿ, ರೊಟ್ಟಿಗೆ ತಕ್ಕ ಗಟ್ಟಿ. ರೊಟ್ಟಿಯೇ ಇಲ್ಲದ ತಟ್ಟೆಯಲ್ಲಿ ಅದು ಒಂಟಿಯಾಗುತ್ತದೆ. ಅವರಿಗೆ ಹುಳಿ ಹೊಸದಲ್ಲ ಮಗಳೇ. ಪುನರ್ಪುಳಿ ಸಾರು ಕುಡಿಯುವವರು, ಬಿಂಬುಳಿ, ಅಂಬಟೆ ತಿನ್ನುವವರು. ಹಾಗಾಗಿ ಮೊದಲು ಪುಂಡಿಯನ್ನು ಪಲ್ಯವಾಗಿ ಮಾಡಬೇಡ. ಬೇಳೆಗೆ ಹುಣಸೆಹಣ್ಣು ಹಾಕುವ ಕಡೆ ಒಂದು ಹಿಡಿ ಪುಂಡಿ ಎಲೆ ಹಾಕು, ಮೇಲೆ ಅವರದೇ ತೆಂಗಿನೆಣ್ಣೆಯ ಒಗ್ಗರಣೆ ಕೊಡು. ಇಲ್ಲವೇ ಎಲೆಯನ್ನು ಎಣ್ಣೆಯಲ್ಲಿ ಬಾಡಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಬೆಲ್ಲ ಸೇರಿಸಿ ಚಟ್ನಿ ಅರೆದು, ಬೆಳಗಿನ ಕುಚ್ಚಲಕ್ಕಿ ಗಂಜಿಯ ಪಕ್ಕ ಉಪ್ಪಿನಕಾಯಿಯಷ್ಟೇ ಇಡು. ಬೆರಳ ತುದಿಯಷ್ಟು ನೆಕ್ಕಿ ನೋಡುವುದು ಯಾರಿಗೂ ಕಷ್ಟವಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬೇಡ, ಹುಳಿಗೆ ಪಾತ್ರೆಯ ಲೋಹ ಬಿಡುತ್ತದೆ. ಸ್ಟೀಲು ಅಥವಾ ಮಣ್ಣಿನ ಗಡಿಗೆ ಒಳ್ಳೆಯದು. ನಮ್ಮ ಕಡೆಯದು, ನಮ್ಮ ಕಡೆಯದು ಎಂದು ಹತ್ತು ಸಲ ಹೇಳಬೇಡ. ಅತ್ತೆಯವರನ್ನೇ ಒಲೆಯ ಹತ್ತಿರ ಕರೆದು, ಇದಕ್ಕೆ ಕಾಯಿ ಎಷ್ಟು ಹಾಕಲಿ ಎಂದು ಕೇಳು. ನಿನ್ನ ಅತ್ತೆಯವರು ದೊಡ್ಡ ಮನಸ್ಸಿನವರು. ಗೋಣಿತಟ್ಟಿನಲ್ಲಿ ಸುತ್ತಿ ಬಳ್ಳಿ ಕಳಿಸಿದ ಕೈ ಅದು.

ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಆಳಂದದ ಕಡೆಯ ಹೊಲಕ್ಕೆ ಎಲ್ಲರೂ ಹೋಗುತ್ತೇವೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ, ಕಾಳು-ಕಾಯಿ-ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿ ಎಲ್ಲ ಎಂದಿನಂತೆ. ಭಜ್ಜಿಗೆ ಏನೇನು ಬೀಳಬೇಕು ಎಂಬುದು ಆಯಿಯದೇ ಲೆಕ್ಕ, ನಾನು ಈ ಮನೆಗೆ ಬಂದಾಗಿನಿಂದ ಒಂದು ಕಾಳೂ ಅತ್ತಿತ್ತ ಆಗಿಲ್ಲ: ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆಕಾಯಿ, ಗಜ್ಜರಿ, ಮೆಂತ್ಯ, ಪುಂಡಿ. ನಿನ್ನೆ ಸಂಜೆ ಬಿಸಿಲು ಕಾಯಿಸುತ್ತಾ ಹಂದರದ ಕೆಳಗೆ ಕುಳಿತಿದ್ದ ಆಯಿ ಒಂದು ಎಲೆ ಕಿತ್ತು, ಬೆಳಕಿಗೆ ಹಿಡಿದು, ಎಳೆಯದೋ ಬಲಿತದ್ದೋ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಹೂ ಬಂದ ಮೇಲೆ ಎಲೆ ಚಿಕ್ಕದಾಗಿದೆ ಎಂದು ನಾನು ಹೇಳಿದೆ. "ಚಿಕ್ಕದಾದರೇನು, ಎರಡು ಹಿಡಿ ಸಿಗುತ್ತದೆ. ಈ ಸಲ ಭಜ್ಜಿಗೆ ಹಾಕು. ಅವಳ ಮನೆಯದೂ ಬೀಳಲಿ" ಎಂದರು.

ಈ ಪತ್ರದ ಜೊತೆ ಪುಂಡಿ ಬೀಜದ ಪೊಟ್ಟಣ ಇದೆ. ಅಲ್ಲಿಯ ಮಳೆ ಜೋರು, ನೀರು ನಿಲ್ಲದ ಎತ್ತರದ ಜಾಗ ನೋಡಿ ಹಾಕು. ಎರಡು ಗೇಣು ಎತ್ತರವಾದ ಮೇಲೆ ತುದಿ ಚಿವುಟಿದರೆ ಕವಲೊಡೆಯುತ್ತದೆ. ಬಸಳೆ ಹಂದರದ ಪಕ್ಕದಲ್ಲೇ ಜಾಗವಿದೆಯೇ ಎಂದು ಅತ್ತೆಯವರನ್ನು ಕೇಳು. ಅವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯಂದಿರಿಗೆ ಆಶೀರ್ವಾದಗಳು.

ನಿನ್ನ ಅವ್ವ